ಗಾಣಗಾಪುರ ರೋಡ್ ಸ್ಟೇಷನ್ನು ಮತ್ತು ಹತ್ತು ತಿಂಗಳ ತಕರಾರು ಕಾಗದಗಳು

ಕಲಬುರಗಿಯಿಂದ ಸೊಲ್ಲಾಪುರದ ಕಡೆ ಹೋಗುವ ಗಾಡಿ ಗಾಣಗಾಪುರ ರೋಡ್ ಸ್ಟೇಷನ್ನಿನಲ್ಲಿ ನಿಂತರೆ ಇಳಿಯುವವರಲ್ಲಿ ಹೆಚ್ಚಿನವರು ದತ್ತನ ಭಕ್ತರು. ಕೈಯಲ್ಲಿ ತೆಂಗಿನಕಾಯಿಯ ಚೀಲ, ಹೆಗಲಿಗೆ ಜೋಳಿಗೆ. ಹೊರಗೆ ಕಾದಿರುವ ಟಂಟಂ ಹತ್ತಿ ಭೀಮಾ–ಅಮರಜಾ ಸಂಗಮದ ದಾರಿ ಹಿಡಿಯುತ್ತಾರೆ. ಇದೇ ಸ್ಟೇಷನ್ನಿನಲ್ಲಿ 1948ರ ಮೇ 22ರಂದು ಮದ್ರಾಸಿನಿಂದ ಮುಂಬಯಿಗೆ ಹೊರಟಿದ್ದ ಗಾಡಿಯ ಮೇಲೆ ನಿಜಾಮನ ಪರ ನಿಂತಿದ್ದ ಖಾಸಗಿ ಪಡೆಯವರಾದ ರಜಾಕಾರರು ಬಿದ್ದರು. ಪ್ರಯಾಣಿಕರಲ್ಲಿ ಕೆಲವರು ಸತ್ತರು, ಹಲವರು ಗಾಯಗೊಂಡರು, ಕೆಲವರು ಕಾಣೆಯಾದರು. ಇನ್ನೊಂದೆರಡು ಸ್ಟೇಷನ್ನು ದಾಟಿ ದುಧನಿ ಮುಟ್ಟಿದ್ದರೆ ಗಾಡಿ ನಿಜಾಮನ ಸೀಮೆ ಬಿಟ್ಟು ಭಾರತದ ನೆಲಕ್ಕೆ ಬರುತ್ತಿತ್ತು.

ಗಾಡಿ ಹೊರಟದ್ದು ಭಾರತದಿಂದ, ಸೇರಬೇಕಾದದ್ದೂ ಭಾರತವನ್ನೇ. ನಡುವೆ ಹಳಿ ಹಾಯ್ದ ನೆಲ ಮಾತ್ರ ಹೈದರಾಬಾದಿನದು. ಹೊಡೆದವರು ಸರಕಾರದ ಸಂಬಳ ಉಣ್ಣುವ ಸಿಪಾಯಿಗಳಲ್ಲ. ಆದರೆ ಸರಕಾರ ಕಂಡೂ ತಡೆಯದೆ ಬಿಟ್ಟ ಮಂದಿ. ಇಂಥ ಹೊತ್ತಿನಲ್ಲಿ ಒಂದು ಸರಕಾರ ಇನ್ನೊಂದಕ್ಕೆ ಮೊದಲು ಕಳಿಸುವುದು ಕಾಗದ. ‘ನಿಮ್ಮ ನೆಲದಲ್ಲಿ ನಮಗೆ ಹೀಗಾಗಿದೆ, ನಾವು ಇದನ್ನು ಒಪ್ಪಿಲ್ಲ, ನೀವು ಸರಿಪಡಿಸಬೇಕು’ ಎನ್ನುವ ಕಾಗದ. ರಾಜತಾಂತ್ರಿಕ ಪ್ರತಿಭಟನೆ ಎಂದು ಕರೆಯುವುದು ಇದನ್ನೇ. ಆ ಕಾಗದ ಯಾವಾಗ ಜಗಳವನ್ನು ಇಳಿಸುತ್ತದೆ, ಯಾವಾಗ ಅದರಿಂದ ಏನೂ ಆಗುವುದಿಲ್ಲ ಎಂದು ತಿಳಿಯಲು ನಾವು ದೂರ ಹೋಗಬೇಕಿಲ್ಲ. 1947ರ ನವೆಂಬರ್ 29ರಿಂದ 1948ರ ಸೆಪ್ಟೆಂಬರ್ 18ರವರೆಗಿನ ಭಾರತ–ಹೈದರಾಬಾದ್ ಪ್ರಕರಣ ನಮ್ಮ ಊರುಗಳ ಮೈಮೇಲೆಯೇ ನಡೆದುಹೋಗಿದೆ. ಸೆಪ್ಟೆಂಬರ್ 17 ಬಂತೆಂದರೆ ಕಲಬುರಗಿಯಲ್ಲಿ ಧ್ವಜ ಏರುತ್ತದೆ, ಪಟೇಲರ ಪ್ರತಿಮೆಗೆ ಮಾಲೆ ಬೀಳುತ್ತದೆ. ಅದಕ್ಕೂ ಮುಂಚಿನ ಹತ್ತು ತಿಂಗಳು ಎರಡು ಸರಕಾರಗಳು ಬರೆದುಕೊಂಡ ಕಾಗದಗಳ ಮಾತನ್ನು ಯಾರೂ ಎತ್ತುವುದಿಲ್ಲ.

ನಾನು ಕಂದಾಯ ಕೋರ್ಟುಗಳಲ್ಲಿ ವಕೀಲಿಕೆ ಮಾಡುವವನು. ಹಾಗಾಗಿ ಪ್ರತಿಭಟನೆ ಎನ್ನುವ ಶಬ್ದಕ್ಕಿಂತ ತಕರಾರು ಎನ್ನುವ ಶಬ್ದವೇ ನನ್ನ ಬಾಯಿಗೆ ಹತ್ತಿರ. ಪಹಣಿಯಲ್ಲಿ ಹೆಸರು ಬದಲಾಗುವ ಮುನ್ನ ನೋಟಿಸು ಅಂಟಿಸುತ್ತಾರೆ. ತಕರಾರು ಇದ್ದವರು ಗಡುವಿನೊಳಗೆ ಬರಹದಲ್ಲಿ ಕೊಡಬೇಕು. ಕೊಡದಿದ್ದರೆ ‘ತಕರಾರು ಬಂದಿಲ್ಲ’ ಎಂದು ಷರಾ ಬೀಳುತ್ತದೆ, ಹೆಸರು ಬದಲಾಗುತ್ತದೆ. ಪಕ್ಕದ ಹೊಲದವನು ಬದು ಸರಿಸಿ ಉತ್ತಾಗ ‘ಅಣ್ಣತಮ್ಮರ ನಡುವೆ ಕಾಗದ ಯಾಕೆ’ ಎಂದು ಸುಮ್ಮನಿದ್ದವರು ಹನ್ನೆರಡು ವರ್ಷ ದಾಟಿದ ಮೇಲೆ ನನ್ನ ಮುಂದೆ ಬಂದು ಕುಳಿತದ್ದನ್ನು ಎಷ್ಟೋ ಸಲ ಕಂಡಿದ್ದೇನೆ. ಅವರ ಹೊಲ ಹೋಗುವುದು ಅನ್ಯಾಯದಿಂದ ಅರ್ಧ, ಮೌನದಿಂದ ಅರ್ಧ.

ದೇಶಗಳ ನಡುವೆಯೂ ಇದೇ ನಡೆಯುತ್ತದೆ. ಕಾಂಬೋಡಿಯಾ ಮತ್ತು ಥಾಯ್ಲೆಂಡ್ ಗಡಿಯ ಪ್ರೇಹ್ ವಿಹಾರ್ ದೇವಸ್ಥಾನದ ವ್ಯಾಜ್ಯ ನೋಡಿ. ಆಗ ಕಾಂಬೋಡಿಯಾವನ್ನು ಆಳುತ್ತಿದ್ದ ಫ್ರೆಂಚರ ಅಧಿಕಾರಿಗಳು ಮಾಡಿದ ನಕಾಶೆಯಲ್ಲಿ ಆ ಗುಡಿ ಕಾಂಬೋಡಿಯಾದ ಕಡೆ ಬಿದ್ದಿತ್ತು. 1908ರಲ್ಲಿ ನಕಾಶೆ ಸಯಾಮಿಗೆ, ಅಂದರೆ ಇಂದಿನ ಥಾಯ್ಲೆಂಡಿಗೆ ತಲುಪಿತು, ಸಯಾಮ್ ತಕರಾರು ಎತ್ತಲಿಲ್ಲ. 1930ರಲ್ಲಿ ಸಯಾಮಿನ ರಾಜಕುಮಾರ ಡಾಮ್ರೊಂಗ್ ಗುಡಿ ನೋಡಲು ಹೋದಾಗ ಫ್ರೆಂಚ್ ಅಧಿಕಾರಿ ತನ್ನ ಬಾವುಟ ಹಾರಿಸಿ ಸ್ವಾಗತಿಸಿದ. ಆಗಲೂ ಒಂದು ಕಾಗದ ಹೋಗಲಿಲ್ಲ. 1962ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ 9–3ರ ಬಹುಮತದಿಂದ ಗುಡಿಯನ್ನು ಕಾಂಬೋಡಿಯಾಕ್ಕೆ ಕೊಟ್ಟಿತು. ಸುಮಾರು ಐವತ್ತು ವರ್ಷದ ಆ ಸುಮ್ಮನಿರುವಿಕೆ ತೀರ್ಪಿನಲ್ಲಿ ದೊಡ್ಡ ಮಾತಾಯಿತು.

ಹಕ್ಕು ಉಳಿಸಿಕೊಳ್ಳುವುದು ತಕರಾರಿನ ಒಂದು ಕೆಲಸ. ಜಗಳ ಇಳಿಸುವುದು ಅದರ ಇನ್ನೊಂದು ಕೆಲಸ, ಅದೇ ಕಷ್ಟದ್ದು. ಸಿಟ್ಟನ್ನು ಬರಹಕ್ಕಿಳಿಸಿದರೆ ಕೈ ಎತ್ತುವ ಮುನ್ನ ನಾಲ್ಕು ದಿನ ಸಿಗುತ್ತದೆ. ಎದುರಿನವನು ಜವಾಬು ಬರೆಯಬೇಕು, ಜವಾಬು ಬರೆಯುವ ಮುನ್ನ ಏನಾಯಿತೆಂದು ತನ್ನವರನ್ನು ಕೇಳಬೇಕು. ಒಮ್ಮೆ ಬರೆದುಕೊಟ್ಟ ಮಾತಿಗೆ ಆಮೇಲೆ ಕಟ್ಟುಬೀಳಬೇಕು. ಇದೆಲ್ಲ ಹೈದರಾಬಾದ್ ಪ್ರಕರಣದಲ್ಲಿ ಎಷ್ಟರಮಟ್ಟಿಗೆ ನಡೆಯಿತು, ಎಲ್ಲಿ ನಿಂತುಹೋಯಿತು ಎಂಬುದೇ ಈ ಬರಹ.

ಬ್ರಿಟಿಷರು ಹೋಗುವಾಗ ಸಂಸ್ಥಾನಗಳ ಮೇಲಿನ ಅವರ ಸಾರ್ವಭೌಮತ್ವವೂ ಕಳಚಿಬಿತ್ತು. ಒಂದು ಕೋಟಿ 63 ಲಕ್ಷ ಜನರಿದ್ದ ಹೈದರಾಬಾದ್ ತಾನು ಸ್ವತಂತ್ರ ಎಂದಿತು. ಭಾರತ ಅದನ್ನು ಒಪ್ಪಲಿಲ್ಲ. ನಡುದಾರಿಯಾಗಿ 1947ರ ನವೆಂಬರ್ 29ರಂದು ಯಥಾಸ್ಥಿತಿ ಒಪ್ಪಂದಕ್ಕೆ ಸಹಿ ಬಿತ್ತು. ಅವಧಿ ಒಂದು ವರ್ಷ. ಒಪ್ಪಂದ ಸಣ್ಣದು, ಓದಲು ಹತ್ತು ನಿಮಿಷ ಸಾಕು. ಆದರೆ ಅದರಲ್ಲಿ ಎರಡು ಕಲಮುಗಳು ನಮ್ಮ ವಿಷಯಕ್ಕೆ ಬಹಳ ಮುಖ್ಯ. ಒಂದು, ಹೈದರಾಬಾದಿನಲ್ಲಿ ಭಾರತದ ಏಜೆಂಟ್ ಒಬ್ಬ, ದಿಲ್ಲಿಯಲ್ಲಿ ಹೈದರಾಬಾದಿನ ಏಜೆಂಟ್ ಒಬ್ಬ ಇರಬೇಕು. ಅಂದರೆ ತಕರಾರು ಒಯ್ಯುವ ಕೈ ಎರಡೂ ಕಡೆ ಇತ್ತು. ಇನ್ನೊಂದು, ಒಪ್ಪಂದದ ಬಗ್ಗೆ ವ್ಯಾಜ್ಯ ಬಂದರೆ ಎರಡೂ ಕಡೆಯಿಂದ ಒಬ್ಬೊಬ್ಬ ಮಧ್ಯಸ್ಥ, ಆ ಇಬ್ಬರೂ ಸೇರಿ ಆರಿಸುವ ಒಬ್ಬ ಪಂಚ ಕೂತು ತೀರ್ಮಾನಿಸಬೇಕು. ಅಂದರೆ ತಕರಾರು ಹೋಗಿ ಮುಟ್ಟುವ ಜಾಗವೂ ಇತ್ತು. ಕರಡು ಬರೆದವರು ಕೆಲಸ ಬಲ್ಲವರು. ಇಂಥ ಎರಡು ಕಲಮು ಇರುವ ಕರಾರು ನನ್ನ ಕಕ್ಷಿದಾರರಲ್ಲಿ ನೂರಕ್ಕೆ ಐವರ ಹತ್ತಿರವೂ ಇರುವುದಿಲ್ಲ.

ಭಾರತದ ಏಜೆಂಟ್ ಜನರಲ್ ಆಗಿ ಕೆ.ಎಂ. ಮುನ್ಷಿ 1948ರ ಜನವರಿಯಲ್ಲಿ ಬಂದರು. ಅವರಿಗೆ ಹಳೆಯ ರೆಸಿಡೆನ್ಸಿ ಸಿಗಲಿಲ್ಲ, ಬೊಲಾರಂನಲ್ಲಿ ದಂಡಿನ ಕಟ್ಟಡದಲ್ಲಿ ಇಳಿದುಕೊಂಡರು. ರಾಯಭಾರಿ ಎಂಬ ಹೆಸರು ಕೊಟ್ಟರೆ ಹೈದರಾಬಾದನ್ನು ಬೇರೆ ದೇಶವೆಂದು ಒಪ್ಪಿದಂತೆ ಎಂದು ದಿಲ್ಲಿ ಏಜೆಂಟ್ ಎಂದಷ್ಟೇ ಕರೆಯಿತು. ರೆಸಿಡೆನ್ಸಿ ಕೊಟ್ಟರೆ ಬ್ರಿಟಿಷ್ ರೆಸಿಡೆಂಟನ ಹಳೆಯ ಯಜಮಾನಿಕೆಯನ್ನು ಮತ್ತೆ ಒಪ್ಪಿದಂತೆ ಎಂದು ನಿಜಾಮನ ಕಡೆಯವರು ಹೆದರಿದರು. ಒಂದು ಮನೆ, ಒಂದು ಹೆಸರು. ಮೊದಲ ಕಾಗದ ಹೋಗುವ ಮುನ್ನವೇ ಇಬ್ಬರೂ ಮುಂದೆ ಕೋರ್ಟಿನಲ್ಲಿ ಏನು ವಾದಿಸಬೇಕಾದೀತು ಎಂದು ಲೆಕ್ಕ ಹಾಕಿದ್ದರು.

ಮೊದಲ ದೊಡ್ಡ ತಕರಾರು ರೂಪಾಯಿಯದು. ಇದನ್ನು ನಾನು ಪುಸ್ತಕಕ್ಕಿಂತ ಮುಂಚೆ ನಮ್ಮ ಅಜ್ಜಿಯ ಬಾಯಿಂದ ಕೇಳಿದ್ದೆ. ಆಗ ನಮ್ಮ ಕಡೆ ಎರಡು ರೂಪಾಯಿ ಓಡಾಡುತ್ತಿದ್ದವು. ನಿಜಾಮನ ಹಾಲಿ ರೂಪಾಯಿ, ಬ್ರಿಟಿಷ್ ಇಂಡಿಯಾದ ಕಲದಾರ. ಆರು ಕಲದಾರಕ್ಕೆ ಏಳು ಹಾಲಿ. ನೂರು ಕಲದಾರಕ್ಕೆ 116 ರೂಪಾಯಿ 10 ಆಣೆ 8 ಪೈ ಹಾಲಿ. ಶಾಲೆಯ ಮುಖ ನೋಡದ ಅಜ್ಜಿಗೆ ಈ ಲೆಕ್ಕ ಕೊನೆಗಾಲದವರೆಗೂ ಬಾಯಿಪಾಠವಿತ್ತು. ತೊಗರಿ, ಶೇಂಗಾ ಹೇರಿದ ಬಂಡಿ ಸೊಲ್ಲಾಪುರದ ಕಡೆ ಹೋಗಿ ಕಲದಾರ ತರುತ್ತಿತ್ತು. ಬರುವಾಗ ಕರೋಡಗಿರಿ ನಾಕಾದಲ್ಲಿ ಸುಂಕ ಕೊಡಬೇಕು. ಆ ವರ್ಷ ಒಂದು ದಿನ ನಾಕಾದ ಜವಾನ ‘ಕಲದಾರ ನಡಿಯಂಗಿಲ್ಲ ಯವ್ವಾ, ಹಾಲಿ ಇದ್ರ ಕೊಡು’ ಎಂದನಂತೆ. ಸೀರೆಯ ಸೆರಗಿನ ಗಂಟಿನಲ್ಲಿ ಇದ್ದದ್ದೆಲ್ಲ ಕಲದಾರ. ‘ನಿನ್ನೆ ತನಕ ರೊಕ್ಕ, ಇವತ್ತು ಬಿಲ್ಲಿ’ ಎನ್ನುತ್ತಿದ್ದಳು ಅಜ್ಜಿ.

ಅವಳ ಗಂಟಿನ ಹಿಂದೆ ಇದ್ದದ್ದು ಹೈದರಾಬಾದ್ ಸರಕಾರದ ಎರಡು ಸುಗ್ರೀವಾಜ್ಞೆಗಳು. ಒಂದು ಬೆಳ್ಳಿಬಂಗಾರದಂಥ ಲೋಹಗಳನ್ನು ಭಾರತಕ್ಕೆ ಸಾಗಿಸುವುದನ್ನು ತಡೆಯಿತು. ಇನ್ನೊಂದು ಭಾರತದ ನಾಣ್ಯ ಸಂಸ್ಥಾನದಲ್ಲಿ ಚಲಾವಣೆಯಲ್ಲ ಎಂದಿತು. ಜೊತೆಗೆ ಪಾಕಿಸ್ತಾನಕ್ಕೆ 20 ಕೋಟಿ ರೂಪಾಯಿ ಸಾಲ, ಅದೂ ಭಾರತ ಸರಕಾರದ ಸಾಲಪತ್ರಗಳ ರೂಪದಲ್ಲಿ. ಯಥಾಸ್ಥಿತಿ ಎಂದರೆ ಆಗಸ್ಟ್ 15ರ ಮುಂಚೆ ಇದ್ದದ್ದು ಇದ್ದ ಹಾಗೆ ಇರಬೇಕು, ನೀವು ಒಪ್ಪಂದ ಮುರಿದಿದ್ದೀರಿ ಎಂದು ದಿಲ್ಲಿ ತಕರಾರು ಎತ್ತಿತು.

ಇಲ್ಲಿ ಕಾಗದ ಸ್ವಲ್ಪ ಕೆಲಸ ಮಾಡಿತು ಎನ್ನಲೇಬೇಕು. ಒಪ್ಪಂದದ ಅವಧಿ ಇರುವವರೆಗೆ ಪಾಕಿಸ್ತಾನ ಆ ಸಾಲಪತ್ರಗಳನ್ನು ನಗದು ಮಾಡಿಕೊಳ್ಳುವುದಿಲ್ಲ ಎಂಬ ಭರವಸೆ ಹೈದರಾಬಾದಿನ ಕಡೆಯಿಂದ ಬಂತು. 20 ಕೋಟಿಯ ವಿಷಯ ಮೇಜಿನ ಮೇಲೆ ಉಳಿಯಿತು, ಬೀದಿಗೆ ಬರಲಿಲ್ಲ. ಯಾಕೆ? ನನ್ನ ತಿಳುವಳಿಕೆಯಲ್ಲಿ, ಸಾಲ ಕೊಟ್ಟ ಕೈ ಮತ್ತು ಜವಾಬು ಬರೆದ ಕೈ ಒಂದೇ ಆಗಿತ್ತು. ಪ್ರಧಾನಿ ಮೀರ್ ಲಾಯಕ್ ಅಲಿಯ ಸರಕಾರ ಸಾಲ ಕೊಡಬಲ್ಲದು, ಸಾಲ ತಡೆಹಿಡಿಯಲೂ ಬಲ್ಲದು. ರಜಾಕಾರರ ವಿಷಯದಲ್ಲಿ ಮುಂದೆ ಇದೇ ತಪ್ಪಿಹೋಯಿತು.

1948ರ ಮಾರ್ಚ್‌ನಲ್ಲಿ ದಿಲ್ಲಿಯ ಸಂಸ್ಥಾನಗಳ ಇಲಾಖೆ ಉಲ್ಲಂಘನೆಗಳನ್ನೆಲ್ಲ ಪಟ್ಟಿ ಮಾಡಿ ಹೈದರಾಬಾದಿಗೆ ಕಾಗದ ಕಳಿಸಿತು. ಏಪ್ರಿಲ್‌ನಲ್ಲಿ ಲಾಯಕ್ ಅಲಿ ಜವಾಬು ಬರೆದರು. ಜವಾಬಿನ ದಾರಿ ನಮಗೆ ಕೋರ್ಟಿನಲ್ಲಿ ದಿನಾ ಕಾಣುವಂಥದ್ದೇ. ಆರೋಪಗಳನ್ನು ಅಲ್ಲಗಳೆಯುವುದು, ಆಮೇಲೆ ತನ್ನದೇ ಆರೋಪಗಳನ್ನು ಮುಂದಿಡುವುದು. ಹೈದರಾಬಾದಿನ ಆರೋಪ ಹಗುರದ್ದಾಗಿರಲಿಲ್ಲ. ಭಾರತದ ಕಡೆಯ ಗಡಿಯ ಕ್ಯಾಂಪುಗಳಿಂದ ಬಂದವರು ತಮ್ಮ ಪೊಲೀಸ್ ಠಾಣೆ, ಕರೋಡಗಿರಿ ನಾಕಾಗಳ ಮೇಲೆ ದಾಳಿ ಮಾಡುತ್ತಿದ್ದಾರೆ ಎಂದಿತು. ಉಪ್ಪು, ಪೆಟ್ರೋಲು, ಔಷಧಿ ಒಳಗೆ ಬಾರದಂತೆ ಭಾರತ ತಡೆದಿದೆ ಎಂದಿತು. ದಿಗ್ಬಂಧನ ಹಾಕಿಲ್ಲ ಎಂದು ದಿಲ್ಲಿ ಹೇಳಿತು. ದಿಗ್ಬಂಧನದ ಆಜ್ಞೆ ಇರಲಿಲ್ಲ ಎಂದೇ ಇಟ್ಟುಕೊಳ್ಳೋಣ. ಆದರೆ ಗಡಿಯಲ್ಲಿ ಸರಕು ನಿಂತಿತ್ತು, ನಮ್ಮ ಹಳ್ಳಿಗಳಲ್ಲಿ ಉಪ್ಪಿಗೆ ಪರದಾಟವಾದದ್ದನ್ನು ಅಜ್ಜಿಯ ಓರಗೆಯವರೆಲ್ಲ ಹೇಳುತ್ತಿದ್ದರು. ದಿಲ್ಲಿಯ ಜವಾಬು ಅಕ್ಷರದಲ್ಲಿ ಸರಿ ಇದ್ದಿರಬಹುದು. ಉಪ್ಪಿಲ್ಲದ ಮನೆಯವರಿಗೆ ಅದು ಜವಾಬಾಗಿರಲಿಲ್ಲ.

ಮಧ್ಯಸ್ಥರನ್ನು ಕೂಡಿಸೋಣ ಎಂದು ಹೈದರಾಬಾದ್ ಕೇಳಿತು. ಮಧ್ಯಸ್ಥರು ಒಂದು ದಿನವೂ ಕೂರಲಿಲ್ಲ. ಇಡೀ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡುವುದು ಇದು. ದಿಲ್ಲಿಗೆ ತನ್ನ ಕಾರಣಗಳಿದ್ದವು. ಹೆಣ ಬೀಳುತ್ತಿರುವಾಗ ಕಲಮಿನ ಅರ್ಥದ ಬಗ್ಗೆ ತಿಂಗಳುಗಟ್ಟಲೆ ವಾದಿಸುತ್ತ ಕೂತರೆ ರಜಾಕಾರರಿಗೆ ಅಷ್ಟು ದಿನ ಸಿಕ್ಕಂತೆ, ಸಮಯ ದಾಟಿಸುವುದೇ ಅವರ ಉದ್ದೇಶ ಎಂಬ ಗುಮಾನಿ. ಆ ಗುಮಾನಿ ಪೂರ್ತಿ ಸುಳ್ಳೆಂದು ನಾನು ಹೇಳಲಾರೆ. ಆದರೂ ಗಡಿಯ ಒಂದು ಘಟನೆಗಾದರೂ ಎರಡೂ ಕಡೆಯವರು ಜಂಟಿಯಾಗಿ ಹೋಗಿ, ಊರ ಪಂಚರನ್ನು ಕರೆದು, ಸ್ಥಳದಲ್ಲೇ ಪಂಚನಾಮೆ ಮಾಡಿದ್ದರೆ ಕಾಗದಗಳಿಗೆ ಒಂದು ನೆಲೆ ಸಿಗುತ್ತಿತ್ತು. ಅದಿಲ್ಲದ್ದಕ್ಕೆ ಪ್ರತಿ ಘಟನೆಗೂ ಎರಡು ಕಥೆ ಹುಟ್ಟಿದವು. ಎರಡನ್ನೂ ನಂಬುವವರು ಇದ್ದರು, ಎರಡನ್ನೂ ಪರೀಕ್ಷಿಸುವವರು ಇರಲಿಲ್ಲ.

ಅದೇ ವರ್ಷಗಳಲ್ಲಿ ಜಗತ್ತಿನ ಇನ್ನೊಂದು ಮೂಲೆಯಲ್ಲಿ ಇದಕ್ಕಿಂತ ಕೆಟ್ಟದಾಗಿ ಶುರುವಾದ ಜಗಳವೊಂದು ಬೇರೆ ದಾರಿ ಹಿಡಿಯಿತು. 1946ರ ಅಕ್ಟೋಬರ್ 22ರಂದು ಕೊರ್ಫು ಕಾಲುವೆಯಲ್ಲಿ ಅಲ್ಬೇನಿಯಾದ ನೀರಿನೊಳಗೆ ಬ್ರಿಟನ್ನಿನ ಎರಡು ಯುದ್ಧನೌಕೆಗಳು ಸಿಡಿಮದ್ದಿಗೆ ಸಿಕ್ಕು 44 ನಾವಿಕರು ಸತ್ತರು. ಬ್ರಿಟನ್ ಪ್ರತಿಭಟಿಸಿತು. ಅಲ್ಬೇನಿಯಾ ತನಗೆ ಗೊತ್ತಿಲ್ಲ ಎಂದಿತು. ಬ್ರಿಟನ್ ತಾಳ್ಮೆಗೆಟ್ಟು ನವೆಂಬರಿನಲ್ಲಿ ಒಪ್ಪಿಗೆ ಇಲ್ಲದೆ ಹೋಗಿ ಆ ನೀರಿನ ಸಿಡಿಮದ್ದು ತೆಗೆಯಿತು. ಅಲ್ಬೇನಿಯಾ ಅದಕ್ಕೆ ಪ್ರತಿಭಟಿಸಿತು. ಕಾಗದಗಳು ಭದ್ರತಾ ಮಂಡಳಿಗೆ ಹೋದವು, ಮಂಡಳಿ ನ್ಯಾಯಾಲಯಕ್ಕೆ ಹೋಗಿ ಎಂದಿತು. 1949ರ ಏಪ್ರಿಲ್ 9ರ ತೀರ್ಪು ಇಬ್ಬರ ತಕರಾರನ್ನೂ ಎತ್ತಿಹಿಡಿಯಿತು. ತನ್ನ ನೆಲ, ನೀರನ್ನು ಬೇರೆಯವರ ಹಕ್ಕಿಗೆ ಕೇಡಾಗುವಂತೆ ಬಳಸಲು ಯಾವ ರಾಜ್ಯವೂ ತಿಳಿದೂ ತಿಳಿದೂ ಬಿಡಬಾರದು, ಆದ್ದರಿಂದ ಅಲ್ಬೇನಿಯಾ ಹೊಣೆ. ಒಪ್ಪಿಗೆ ಇಲ್ಲದೆ ನುಗ್ಗಿದ್ದು ಅಲ್ಬೇನಿಯಾದ ಸಾರ್ವಭೌಮತ್ವಕ್ಕೆ ಮಾಡಿದ ಭಂಗ, ಆ ಮಟ್ಟಿಗೆ ಬ್ರಿಟನ್ನಿನದೂ ತಪ್ಪು. ಪರಿಹಾರದ ಹಣ ಕೈಗೆ ಬರಲು ದಶಕಗಳೇ ಹಿಡಿದವು, ಆದರೆ ಯುದ್ಧವಾಗಲಿಲ್ಲ. ಗಾಣಗಾಪುರದ ಗಾಡಿಗೆ ಬೇಕಾಗಿದ್ದ ನಿಯಮ ಇದೇ. ಹೊಡೆದವರು ನಮ್ಮ ಸಿಪಾಯಿಗಳಲ್ಲ ಎಂದು ಹೇಳಿ ಕೈ ತೊಳೆದುಕೊಳ್ಳಲು ಬರುವುದಿಲ್ಲ. ತಡೆದಿರಾ, ಹಿಡಿದಿರಾ, ಶಿಕ್ಷಿಸಿದಿರಾ ಎಂದು ಕೇಳುವ ಹಕ್ಕು ಎದುರಿನವನಿಗೆ ಇದೆ.

ಮೇ ತಿಂಗಳಲ್ಲಿ ಗಾಡಿಗಿಂತ ಮುಂಚೆ ಇನ್ನೊಂದು ನಡೆದಿತ್ತು. ಬೀದರ ಜಿಲ್ಲೆಯ ಗೋರ್ಟಾ ಹಳ್ಳಿಯ ಮೇಲೆ ರಜಾಕಾರರು ಬಿದ್ದು ಊರವರನ್ನು ಕೊಂದರು. ಸತ್ತವರ ಸಂಖ್ಯೆಯನ್ನು ಇನ್ನೂರರ ಆಸುಪಾಸು ಹೇಳುತ್ತಾರೆ. ಅಲ್ಲಿ ಈಗ ಸ್ಮಾರಕವಿದೆ. ಆ ಊರಿನವರು ಯಾರ ಪ್ರಜೆಗಳು? ಕಾಗದದಲ್ಲಿ ನಿಜಾಮನ ಪ್ರಜೆಗಳು. ಒಂದು ದೇಶ ತಕರಾರು ಎತ್ತುವುದು ಸಾಮಾನ್ಯವಾಗಿ ತನ್ನ ಪ್ರಜೆಗಾದ ಪೆಟ್ಟಿಗೆ. ರಾಜನೇ ಕಾಯಬೇಕಾದ ಪ್ರಜೆಗಳನ್ನು ರಾಜನ ಕಣ್ಣೆದುರೇ ಕೊಂದರೆ ಪಕ್ಕದವನು ಯಾವ ಹಕ್ಕಿನಿಂದ ಕೇಳಬೇಕು? ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆ ಬಂದದ್ದು 1948ರ ಡಿಸೆಂಬರ್ 10ಕ್ಕೆ. ಗೋರ್ಟಾ ಅದಕ್ಕಿಂತ ಏಳು ತಿಂಗಳು ಹಿಂದಿನದು. ಒಳಗಿನ ಶಾಂತಿಪಾಲನೆ ನಮ್ಮದು, ಒಪ್ಪಂದ ನಿಮಗೆ ಬ್ರಿಟಿಷರ ಯಜಮಾನಿಕೆ ಕೊಟ್ಟಿಲ್ಲ ಎಂಬುದು ಹೈದರಾಬಾದಿನ ನಿಲುವು. ಒಪ್ಪಂದದ ಅಕ್ಷರ ಆ ಮಾತಿಗೆ ಆಸರೆಯಾಗಿಯೇ ಇತ್ತು. ಗೋರ್ಟಾದವರ ಪರವಾಗಿ ಬರೆಯಬಹುದಾದ ಒಂದೇ ಒಂದು ಕೈ ಲಾಯಕ್ ಅಲಿಯ ಸರಕಾರದ್ದು, ಅದು ಬರೆಯಲಿಲ್ಲ.

ಹೀಗೆ ಬೇಸಿಗೆಯ ಹೊತ್ತಿಗೆ ಕಾಗದ ಸೇರಬೇಕಾದವರ ಕೈ ಬದಲಾಗಿತ್ತು. ಕಾಗದದ ಮೇಲೆ ಲಾಯಕ್ ಅಲಿಯ ವಿಳಾಸ. ಗಡಿಯ ಬಂದೂಕು ರಜಾಕಾರರ ಮುಖಂಡ ಕಾಸಿಂ ರಜ್ವಿಯ ಮಾತು ಕೇಳುತ್ತಿತ್ತು. 1947ರ ಅಕ್ಟೋಬರ್ 27ರ ಬೆಳಗಿನ ಜಾವ ದಿಲ್ಲಿಗೆ ಹೊರಟ ನಿಜಾಮನ ನಿಯೋಗದ ಮನೆಗಳನ್ನೇ ರಜ್ವಿಯ ಗುಂಪು ಸುತ್ತುವರಿದು, ಸಹಿಗೆ ಸಿದ್ಧವಾಗಿದ್ದ ಕರಡನ್ನು ತಡೆದಿತ್ತು. ಆಗಲೇ ದಿಲ್ಲಿಗೆ ಅರ್ಥವಾಗಬೇಕಿತ್ತು, ಇವರ ಭರವಸೆಗೆ ಜಾಮೀನು ಇಲ್ಲ ಎಂದು. ತನ್ನ ಮನೆಯ ಬಾಗಿಲು ತಾನೇ ತೆರೆಯಲಾಗದವನಿಗೆ ನೋಟಿಸು ಕೊಟ್ಟು ಏನು ಬಂತು? ನಮ್ಮ ಕೋರ್ಟಿನಲ್ಲೂ ಹೀಗಾಗುತ್ತದೆ. ಹೊಲದ ಮಾಲೀಕ ಎದುರು ನಿಂತು ‘ಆಗಲಿ ಸಾಹೇಬ್ರ’ ಎಂದು ಬರೆದುಕೊಡುತ್ತಾನೆ, ಬದು ಸರಿಸುವವನು ಅವನ ಮಾತು ಕೇಳದ ಮಗ.

ಜೂನ್‌ನಲ್ಲಿ ಮೌಂಟ್‌ಬ್ಯಾಟನ್ ಹೊರಡುವ ಮುನ್ನ ಕೊನೆಯ ಕರಡು ಸಿದ್ಧವಾಯಿತು. ರಜಾಕಾರರನ್ನು ಹಂತಹಂತವಾಗಿ ವಿಸರ್ಜಿಸುವುದು, ಜವಾಬ್ದಾರಿ ಸರಕಾರ, ಜನಮತ. ಹೈದರಾಬಾದಿಗೆ ಸಿಗಬಹುದಾದದ್ದರಲ್ಲಿ ಅದು ಉದಾರವಾದ ಕರಡು. ನಿಜಾಮ ಒಪ್ಪಲಿಲ್ಲ. ಜೂನ್ 21ಕ್ಕೆ ಮೌಂಟ್‌ಬ್ಯಾಟನ್ ಹೋದರು. ಅಲ್ಲಿಂದ ಮುಂದೆ ಕಾಗದ ಬರೆಯುವವರ ಉದ್ದೇಶವೇ ಬೇರೆಯಾಯಿತು. ಎದುರಿನವನಿಂದ ಜವಾಬು ಪಡೆಯಲು ಬರೆಯುತ್ತಿದ್ದವರು ಈಗ ನಾಳೆ ಜಗತ್ತಿಗೆ ತೋರಿಸಲು ಬರೆಯತೊಡಗಿದರು. ದಿಲ್ಲಿ ಶ್ವೇತಪತ್ರ ಹೊರಡಿಸಿತು. ಮುಂದೆ ಚೀನಾದ ಜೊತೆಗೂ ಹೀಗೆಯೇ ಆಯಿತು. 1958ರ ಅಕ್ಟೋಬರ್ 18ರಂದು ಅಕ್ಸಾಯ್ ಚಿನ್ ರಸ್ತೆಯ ಬಗ್ಗೆ ಹೋದ ಕಾಗದ ಸಮಾಧಾನದ ದನಿಯದು. ಮರುವರ್ಷದಿಂದ ಪತ್ರಗಳು ಶ್ವೇತಪತ್ರಗಳಾಗಿ ಅಚ್ಚಾಗತೊಡಗಿದ ಮೇಲೆ ಎರಡೂ ಕಡೆ ಹಿಂದೆ ಸರಿಯುವ ಜಾಗ ಕಿರಿದಾಯಿತು. ಸಭೆಯ ಮುಂದೆ ಆಡಿದ ಮಾತನ್ನು ವಾಪಸು ತೆಗೆದುಕೊಳ್ಳುವುದು ಯಾರಿಗೂ ಸುಲಭವಲ್ಲ.

ಜುಲೈ 24ರಂದು ಸೊಲ್ಲಾಪುರದ ಕಡೆಯ ನಾನಜ್‌ನಲ್ಲಿ ಭಾರತದ ಸೈನಿಕರ ಮೇಲೆ ದಾಳಿಯಾಯಿತು. ಸೇನೆ ಹಳ್ಳಿಯನ್ನು ವಶಕ್ಕೆ ತೆಗೆದುಕೊಂಡಿತು. ಅತ್ತ ಸಿಡ್ನಿ ಕಾಟನ್ ಎಂಬ ವೈಮಾನಿಕ ಕರಾಚಿಯಿಂದ ಶಸ್ತ್ರ ತುಂಬಿದ ವಿಮಾನಗಳನ್ನು ರಾತ್ರೋರಾತ್ರಿ ವಾರಂಗಲ್ಲಿಗೂ ಬೀದರಿಗೂ ತಂದು ಇಳಿಸುತ್ತಿದ್ದ. ವಾಯುಪಡೆಯ ಹುಡುಗರು ಇಂದು ತರಬೇತಿ ಪಡೆಯುವ ಬೀದರ ಆಕಾಶದಲ್ಲಿ ಅಂದು ಆ ಸದ್ದು. ಎಲ್ಲ ಮುಗಿದ ಮೇಲೆ ಬ್ರಿಟನ್ನಿನ ಕೋರ್ಟು ಕಾಟನ್‌ಗೆ ದಂಡ ಹಾಕಿತು. 200 ಪೌಂಡು.

ಆಗಸ್ಟ್ 21ರಂದು ಹೈದರಾಬಾದ್ ತನ್ನ ತಕರಾರನ್ನು ಭದ್ರತಾ ಮಂಡಳಿಗೆ ಒಯ್ದಿತು. ವಿಶ್ವಸಂಸ್ಥೆಯ ಸದಸ್ಯನಲ್ಲದ ರಾಜ್ಯವೂ ವ್ಯಾಜ್ಯ ತರಬಹುದು ಎಂಬ ಕಲಮನ್ನು ಹಿಡಿದು ಹೋಯಿತು. ಪ್ಯಾರಿಸ್ಸಿನಲ್ಲಿ ಮಂಡಳಿ ಅದನ್ನು ಎತ್ತಿಕೊಂಡದ್ದು ಸೆಪ್ಟೆಂಬರ್ 16ಕ್ಕೆ. ಅಷ್ಟರಲ್ಲಿ ಭಾರತದ ಸೇನೆ ನುಗ್ಗಿ ಮೂರು ದಿನವಾಗಿತ್ತು. ನಳದುರ್ಗ, ಉಮರಗಾ, ನಮ್ಮ ರಾಜೇಶ್ವರ ದಾಟಿ ಟ್ಯಾಂಕುಗಳು ಜಹೀರಾಬಾದಿನ ದಾರಿಯಲ್ಲಿದ್ದವು. ವಿಷಯವನ್ನು ಕಾರ್ಯಸೂಚಿಗೆ ಸೇರಿಸಲು ಎಂಟು ಮತ ಬಿದ್ದವು, ಮೂವರು ತಟಸ್ಥರು. ಭಾರತದ ಪರ ನಿಂತು ‘ಹೈದರಾಬಾದ್ ರಾಜ್ಯವೇ ಅಲ್ಲ, ಇದು ನಮ್ಮ ಮನೆಯೊಳಗಿನ ವಿಷಯ’ ಎಂದು ವಾದಿಸಿದವರು ಆಗ ಮೈಸೂರಿನ ದಿವಾನರೂ ಆಗಿದ್ದ ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್. ಗೋರ್ಟಾದ ವಿಷಯದಲ್ಲಿ ಹೈದರಾಬಾದಿಗೆ ಆಸರೆಯಾಗಿದ್ದ ‘ಒಳಗಿನ ವಿಷಯ’ ಎಂಬ ಮಾತು ಈಗ ದಿಲ್ಲಿಯ ಬಾಯಲ್ಲಿತ್ತು. ಮರುದಿನ ಸಂಜೆ ನಿಜಾಮನ ಸೇನೆ ಕೈಚೆಲ್ಲಿತು, 18ಕ್ಕೆ ಜನರಲ್ ಎಲ್ ಎದ್ರೂಸ್ ಮೇಜರ್ ಜನರಲ್ ಚೌಧರಿಯ ಮುಂದೆ ಶರಣಾದ. 22ಕ್ಕೆ ನಿಜಾಮ ತಂತಿ ಕಳಿಸಿ ದೂರು ಹಿಂದಕ್ಕೆ ತೆಗೆದುಕೊಂಡ.

ಸೇನೆ ಬಂದದ್ದರಿಂದ ಗೋರ್ಟಾದಂಥ ಹಳ್ಳಿಗಳು ಉಸಿರಾಡಿದವು. ಇದನ್ನು ಯಾರೂ ಅಲ್ಲಗಳೆಯಲಾರರು, ನಾನಂತೂ ಅಲ್ಲಗಳೆಯುವುದಿಲ್ಲ. ನಮ್ಮ ಮನೆಯವರು ಗಡಿ ದಾಟಿ ಹೋಗಿದ್ದವರು ಮರಳಿ ಬಂದು ಒಲೆ ಹಚ್ಚಿದ್ದು ಆಮೇಲೆಯೇ. ಆದರೆ ಪ್ರಕರಣ ಅಲ್ಲಿಗೆ ಮುಗಿಯಲಿಲ್ಲ. ಸೇನೆ ಬಂದ ಬೆನ್ನಿಗೆ ಉಸ್ಮಾನಾಬಾದ್, ಗುಲಬರ್ಗಾ, ಬೀದರ, ನಾಂದೇಡ ಜಿಲ್ಲೆಗಳಲ್ಲಿ ಮುಸ್ಲಿಮರ ಮೇಲೆ ಸೇಡು ತೀರಿಸಿಕೊಂಡರು. ರಜಾಕಾರನೂ ಅಲ್ಲ, ರಜ್ವಿಯ ಮುಖವನ್ನೂ ಕಂಡವನಲ್ಲ ಎಂಬಂಥ ಬಡ ರೈತ, ಪಿಂಜಾರ, ಬಳೆಗಾರ ಅದಕ್ಕೆ ಸಿಕ್ಕರು. ಅವರ ಪರವಾಗಿ ತಕರಾರು ಬರೆಯುವ ಸರಕಾರ ಉಳಿದಿರಲಿಲ್ಲ. ನಿಜಾಮನ ಕೈಯಲ್ಲಿ ಏನೂ ಇರಲಿಲ್ಲ. ಪಾಕಿಸ್ತಾನ ಮಂಡಳಿಯಲ್ಲಿ ಮಾತೆತ್ತಿತು. ಆದರೆ ಅದು ಎತ್ತಿದ್ದಕ್ಕೇ ಆ ಮಾತು ಇಲ್ಲಿ ಯಾರ ಕಿವಿಗೂ ಹೋಗದಂತಾಯಿತು. ಮೇ ತಿಂಗಳಲ್ಲಿ ಗೋರ್ಟಾದವರಿಗೆ ಇದ್ದ ಸ್ಥಿತಿಯೇ ಅಕ್ಟೋಬರಿನಲ್ಲಿ ಇವರದಾಯಿತು: ತಮ್ಮನ್ನು ಕಾಯಬೇಕಾದ ಸರಕಾರವನ್ನು ಬಿಟ್ಟು ದೂರು ಕೊಡಲು ಬೇರೆ ಬಾಗಿಲಿಲ್ಲ.

ಆ ಬಾಗಿಲನ್ನು ನೆಹರೂ ಅವರೇ ಸ್ವಲ್ಪ ತೆರೆದರು. ಪಂಡಿತ ಸುಂದರಲಾಲರ ಜೊತೆ ಕಾಜಿ ಅಬ್ದುಲ್ ಗಫಾರ್, ಮೌಲಾನಾ ಅಬ್ದುಲ್ಲಾ ಮಿಸ್ರಿ ಅವರನ್ನು ಕಳಿಸಿದರು. ಅವರು ಹಳ್ಳಿಹಳ್ಳಿ ಸುತ್ತಿ ಜನರ ಹೇಳಿಕೆ ಬರೆದುಕೊಂಡರು. ಸತ್ತವರು 27 ಸಾವಿರದಿಂದ 40 ಸಾವಿರ ಎಂಬುದು ಅವರ ಅಂದಾಜು, ಅದರಲ್ಲಿ ದೊಡ್ಡ ಪಾಲು ನಮ್ಮ ಎರಡೂ ಜಿಲ್ಲೆಗಳು ಸೇರಿದ ಈ ನಾಲ್ಕು ಜಿಲ್ಲೆಗಳದು. ವರದಿ ದಶಕಗಳ ಕಾಲ ಕಪಾಟಿನಲ್ಲಿ ಉಳಿಯಿತು. ಆ ವರದಿಯಲ್ಲಿ ಕೊಂದವರ ಮಾತಿನ ಜೊತೆಗೆ ಉಳಿಸಿದವರ ಮಾತೂ ಇದೆ. ಹಿಂದೂ ನೇಕಾರರು ತಮ್ಮ ಕಸುಬಿನ ಮುಸ್ಲಿಂ ನೇಕಾರರಿಗೆ ಅಡ್ಡ ನಿಂತದ್ದನ್ನು ಅವರು ಎತ್ತಿ ಹೇಳಿದ್ದಾರೆ.

ಸುಂದರಲಾಲರ ತಂಡ ಹೈದರಾಬಾದಿಗೆ ಬಂದಿಳಿದದ್ದು 1948ರ ನವೆಂಬರ್ 29ಕ್ಕೆ. ಯಥಾಸ್ಥಿತಿ ಒಪ್ಪಂದಕ್ಕೆ ಸಹಿ ಬಿದ್ದು ಅಂದಿಗೆ ಸರಿಯಾಗಿ ಒಂದು ವರ್ಷ. ಮಧ್ಯಸ್ಥರ ಕಲಮು ಒಂದು ಸಲವೂ ಬಳಕೆಯಾಗದೆ ಆ ದಿನ ತಾನಾಗಿ ತೀರಿಹೋಗಬೇಕಿತ್ತು. ತಂಡ ಡಿಸೆಂಬರ್ 21ರವರೆಗೆ ಇಲ್ಲೇ ಓಡಾಡಿತು. ಊರವರು ಹೇಳಿದ್ದನ್ನು ಕೂತು ಕೇಳಿ, ಬರೆದುಕೊಂಡು ಹೋಯಿತು.